ಒಂದು ಗುಂಡಿನಷ್ಟು ಮುಂದೆ

ನಾನು ಫಿಸಿಯೋಥೆರಪಿಸ್ಟ್. ನಡಿಗೆ ಪರೀಕ್ಷಿಸುವ ಲ್ಯಾಬ್‌ನಲ್ಲಿ ಕೆಲಸ. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಚಲನೆ ಕಷ್ಟವಾಗುವ ಸ್ಥಿತಿ, ಇರುವ ಮಕ್ಕಳೇ ಜಾಸ್ತಿ ಬರುವುದು. ಮೈಮೇಲೆ ಗೊತ್ತಾದ ಜಾಗಗಳಲ್ಲಿ 14 ಮಿಲಿಮೀಟರಿನ ಹೊಳೆಯುವ ಗುಂಡು, ಅಂದರೆ ಮಾರ್ಕರ್, ಅಂಟಿಸಿ ಕ್ಯಾಮೆರಾಗಳ ಮುಂದೆ ನಡೆಸುತ್ತೇವೆ. ಸೆಕೆಂಡಿಗೆ 100 ಸಲ ಪ್ರತಿ ಮಾರ್ಕರಿನ ಜಾಗ ದಾಖಲಾಗುತ್ತದೆ. ಅದರಿಂದ ಕೀಲುಗಳ ಕೋನ ಲೆಕ್ಕ ಹಾಕಿ ರಿಪೋರ್ಟ್ ಕೊಡುತ್ತೇವೆ. ಆಪರೇಷನ್ ಬೇಕೋ ಬೇಡವೋ ಎಂದು ಮೂಳೆ ಡಾಕ್ಟರು ಯೋಚಿಸುವಾಗ ಅದೂ ಅವರ ಮೇಜಿನ ಮೇಲಿರುತ್ತದೆ.

ಒಮ್ಮೆ 9 ವರ್ಷದ ಹುಡುಗನ ರಿಪೋರ್ಟ್ ಕೈಗೆ ಬಂತು. ನಡೆಯುವಾಗ ಬಲ ತೊಡೆ 24 ಡಿಗ್ರಿ ಒಳಕ್ಕೆ ತಿರುಗುತ್ತಿದೆ ಎಂದಿತ್ತು. ಅಷ್ಟಿದ್ದರೆ ತೊಡೆಮೂಳೆ ಕತ್ತರಿಸಿ, ತಿರುಗಿಸಿ ಕೂರಿಸುವ ಮಾತು ಬರುತ್ತದೆ. ಆದರೆ ಅವನನ್ನು ಬೋರಲು ಮಲಗಿಸಿ ಪರೀಕ್ಷೆ ಮಾಡಿದವಳು ನಾನೇ. ನನ್ನ ಕೈಗೆ ಅಷ್ಟು ತಿರುವು ಸಿಕ್ಕಿರಲಿಲ್ಲ.

ರಿಪೋರ್ಟಿನ ಗ್ರಾಫ್‌ಗಳಲ್ಲಿ ಇನ್ನೊಂದು ಗೆರೆಯೂ ಕಣ್ಣಿಗೆ ಬಿತ್ತು. ಕಾಲು ಗಾಳಿಯಲ್ಲಿರುವಾಗ ಮಂಡಿ ಪಕ್ಕಕ್ಕೆ ಬಾಗುವ ಗೆರೆ 17 ಡಿಗ್ರಿವರೆಗೆ ಏರಿತ್ತು. ಮಂಡಿ ಬಾಗಿಲ ಕೀಲಿನ ಹಾಗೆ ಮಡಚುತ್ತದೆ, ಪಕ್ಕಕ್ಕೆ ಅಷ್ಟೊಂದು ವಾಲುವುದಿಲ್ಲ ಅಲ್ವಾ? ಮಂಡಿ ಮಡಚಿದಾಗಲೇ ಈ ಗೆರೆಯೂ ಏರಿದರೆ ನಾನು ಮೊದಲು ಅನುಮಾನಪಡುವುದು ಲೆಕ್ಕಕ್ಕೆ ಹಿಡಿದ, ಮಂಡಿ ಮಡಚುವ ಅಕ್ಷವನ್ನು. ಮಾರ್ಕರ್‌ಗಳಿಂದ ಕೋನ ಲೆಕ್ಕ ಹಾಕಲು ನಾವು ಬಳಸುವ ಮಾಡೆಲ್‌ನಲ್ಲಿ ಆ ಅಕ್ಷದ ದಿಕ್ಕು ತೊಡೆಯ ಪಕ್ಕದ ಮಾರ್ಕರನ್ನು ನಂಬಿಕೊಂಡಿದೆ. ಅದು ಮುಂದಕ್ಕೆ ಸರಿದರೆ ಇಡೀ ತೊಡೆಯೇ ಒಳಕ್ಕೆ ತಿರುಗಿದೆ ಎಂದು ಲೆಕ್ಕವಾಗುತ್ತದೆ. ಮಂಡಿ ಮಡಚಿದ್ದರಲ್ಲಿ ಒಂದಷ್ಟು ಪಕ್ಕದ ಬಾಗಾಗಿ ಸೋರುತ್ತದೆ.

ರಿಪೋರ್ಟ್ ಪಕ್ಕಕ್ಕಿಟ್ಟು ಮೂಲ ಫೈಲ್‌ಗಳನ್ನು ತೆಗೆದೆ. ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಬಳಸುವ ಫೈಲ್ ಸಿ3ಡಿ. ಮಾರ್ಕರ್‌ಗಳ ಜಾಗ, ಹೆಜ್ಜೆಯ ಬಲ ಅಳೆಯುವ ನೆಲದ ಫೋರ್ಸ್ ಪ್ಲೇಟಿನ ಅಳತೆ, ಸೆಟ್ಟಿಂಗ್‌ಗಳು, ಎಲ್ಲಾ ಒಂದರಲ್ಲೇ ಇರುತ್ತವೆ. ಅದನ್ನು ತೆರೆದು ನೋಡಲು ನಾನು ಬಳಸಿದ್ದು ಮೊಕ್ಕಾ. ಉಚಿತ, ಓಪನ್ ಸೋರ್ಸ್ ಸಾಫ್ಟ್‌ವೇರ್. ಹುಡುಗ ಚುಕ್ಕಿಗಳಾಗಿ ಪರದೆಯ ಮೇಲೆ ನಡೆಯುತ್ತಾನೆ. ಸುತ್ತ ತಿರುಗಿಸಿ ನೋಡಬಹುದು, ಒಂದೊಂದೇ ಫ್ರೇಮ್ ಸರಿಸಬಹುದು. ಇನ್ನೂ ಫಿಲ್ಟರ್ ಹಾಕದ ಚುಕ್ಕಿಗಳನ್ನೇ ಮೊದಲು ನೋಡುತ್ತೇನೆ. ಫಿಲ್ಟರ್ ಹಾಕಿದ ಮೇಲೆ ಗೆರೆ ನುಣ್ಣಗಾಗಿ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ.

ಅವನು ಒಟ್ಟು 6 ಸಲ ನಡೆದಿದ್ದ. ರಿಪೋರ್ಟಿಗೆ ಆರಿಸಿದ್ದು 5ನೆಯದು. ಮೊಕ್ಕಾದಲ್ಲಿ ಅದೊಂದನ್ನೇ ನೋಡಿದಾಗ ಏನೂ ಹೊಳೆಯಲಿಲ್ಲ. 1ನೆಯದು ತೆರೆದಾಗ ತೊಡೆಯ ಚುಕ್ಕಿ ಸ್ವಲ್ಪ ಕೆಳಗಿದೆ ಅನ್ನಿಸಿತು. ಕಣ್ಣಿನ ಅಂದಾಜು ಸಾಲದು ಎಂದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆರೂ ಫೈಲ್ ಓದಿಸಿ, ತೊಡೆಯ ಮಾರ್ಕರಿಗೂ ಮಂಡಿಯ ಮಾರ್ಕರಿಗೂ ಇರುವ ದೂರ ತೆಗೆದೆ. ಎರಡೂ ಒಂದೇ ತೊಡೆಯ ಮೇಲಿರುವುದರಿಂದ, ಚರ್ಮ ಅಲುಗಾಡುವಷ್ಟು ಬಿಟ್ಟರೆ, ಆ ದೂರ ಬದಲಾಗಬಾರದು. ಮೊದಲ ಮೂರರಲ್ಲಿ ಸುಮಾರು 13 ಸೆಂಟಿಮೀಟರ್. ಉಳಿದ ಮೂರರಲ್ಲಿ 15.

ಅವನ ತಾಯಿಗೆ ಫೋನ್ ಮಾಡಿದೆ. "ಹೌದು ಮೇಡಂ, ನಡುವೆ ಒಂದು ಗುಂಡು ಉದುರಿ ಬಿತ್ತಲ್ಲ, ಆಮೇಲೆ ಅಂಟಿಸಿದ್ರಿ" ಎಂದರು. ನಮ್ಮ ಹಾಳೆಯಲ್ಲಿ ಅದನ್ನು ಯಾರೂ ಬರೆದಿರಲಿಲ್ಲ. ಆವತ್ತಿನ ವೀಡಿಯೋ ನಿಲ್ಲಿಸಿ ಹಿಗ್ಗಿಸಿದೆ. ಮಾರ್ಕರ್ ಅಂಟಿಸುವ ಮೊದಲು ಸ್ಕೆಚ್ ಪೆನ್ನಿನಲ್ಲಿ ಗುರುತು ಮಾಡುತ್ತೇವೆ. 4ನೇ ನಡಿಗೆಯಲ್ಲಿ ಆ ನೀಲಿ ಚುಕ್ಕಿ ಬರೀ ಚರ್ಮದ ಮೇಲೆ ಕಾಣುತ್ತಿತ್ತು. ಗುಂಡು ಅದಕ್ಕಿಂತ ಮೇಲೆ, ಒಂದು ಗುಂಡಿನಷ್ಟು ಮುಂದೆ ಕೂತಿತ್ತು.

ಆರೂ ನಡಿಗೆಯ ಗೆರೆಗಳನ್ನು ಒಂದರ ಮೇಲೊಂದು ಬಿಡಿಸಿದಾಗ ಅವು ಎರಡು ಗುಂಪಾಗಿ ನಿಂತವು. ಮೊದಲ ಮೂರರಲ್ಲಿ ತೊಡೆಯ ತಿರುವು 7 ಡಿಗ್ರಿಯ ಆಸುಪಾಸು, ಮಂಡಿಯ ಪಕ್ಕದ ಬಾಗು 4. ಇದು ನನ್ನ ಕೈ ಹೇಳಿದ್ದಕ್ಕೆ ಹೊಂದಿತು. ಆ ದಿನವೇ ಡಾಕ್ಟರಿಗೆ ತಿಳಿಸಿದೆವು. ಹುಡುಗನನ್ನು ಮತ್ತೆ ಕರೆಸಿ ನಡೆಸಿದಾಗಲೂ 7ರ ಹತ್ತಿರವೇ ಬಂತು. ಮೂಳೆ ತಿರುಗಿಸುವ ಯೋಚನೆಯನ್ನು ಅವರು ಕೈಬಿಟ್ಟರು.

ಈಗ ಮಾರ್ಕರ್ ಬಿದ್ದರೆ ನಡಿಗೆ ನಿಲ್ಲಿಸುತ್ತೇವೆ. ಪೆನ್ ಗುರುತಿನ ಮೇಲೇ ಅಂಟಿಸಿ, ಮಗುವನ್ನು ನಿಲ್ಲಿಸಿಕೊಂಡು ಸ್ಟ್ಯಾಟಿಕ್ ದಾಖಲೆಯನ್ನು ಹೊಸದಾಗಿ ತೆಗೆಯುತ್ತೇವೆ. ಎಷ್ಟನೇ ನಡಿಗೆಯಲ್ಲಿ ಯಾವುದು ಬಿತ್ತು ಎಂದು ಬರೆಯಲು ಹಾಳೆಯಲ್ಲಿ ಒಂದು ಕಾಲಂ ಇದೆ. ಮಾರ್ಕರ್ ದೂರ ತೆಗೆಯುವ ಆ ಪೈಥಾನ್ ಕೋಡನ್ನು ಪ್ರತಿ ಮಗುವಿನ ಫೈಲ್ ಮೇಲೂ, ರಿಪೋರ್ಟ್ ಮಾಡುವ ಮೊದಲು ಓಡಿಸುತ್ತೇನೆ.