ತಿಂಗಳ ಖರ್ಚು, ಮಳೆಗಾಲದ ಪರೀಕ್ಷೆ: ಪರಿಸರಸ್ನೇಹಿ ವಸ್ತುಗಳನ್ನು ನಾವು ಆರಿಸಿಕೊಂಡ ಬಗೆ

ಪರಿಸರಸ್ನೇಹಿ ಎಂಬ ಚೀಟಿ ಅಂಟಿಸಿಕೊಂಡ ವಸ್ತುಗಳು ಶಿವಮೊಗ್ಗದ ಅಂಗಡಿಗಳಲ್ಲಿ ಈಗ ಧಾರಾಳವಾಗಿ ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವುಗಳ ಬೆಲೆ ಸಾಮಾನ್ಯ ವಸ್ತುವಿಗಿಂತ ಎರಡು ಮೂರು ಪಟ್ಟು ಇರುವುದರಿಂದ, ಒಂದು ಸಂಬಳ ಮತ್ತು ಸಣ್ಣ ಅಡಿಕೆ ತೋಟದ ಆದಾಯದಲ್ಲಿ ನಡೆಯುವ ನಮ್ಮಂಥ ಮನೆಯವರು ಕಂಡದ್ದನ್ನೆಲ್ಲ ಕೊಳ್ಳುವಂತಿಲ್ಲ. ಆದ್ದರಿಂದ ತೀರ್ಥಹಳ್ಳಿ ಸಮೀಪದ ನಮ್ಮ ಮನೆಗೆ ಏನನ್ನು ತರಬೇಕು, ಏನನ್ನು ಬಿಡಬೇಕು ಎಂದು ತೀರ್ಮಾನಿಸಲು ನಾನು ಎರಡು ಅಳತೆಗಳನ್ನು ಇಟ್ಟುಕೊಂಡೆ. ಮೊದಲನೆಯದು ತಿಂಗಳ ಲೆಕ್ಕ: ವಸ್ತುವಿನ ಬೆಲೆಯನ್ನು ಅದು ಬಾಳುವ ತಿಂಗಳುಗಳಿಂದ ಭಾಗಿಸಿದಾಗ ಬರುವ ಮೊತ್ತವನ್ನು ಮಾತ್ರ ನಾನು ಹೋಲಿಸುತ್ತೇನೆ. ಎರಡನೆಯದು ಮಳೆಗಾಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಚಪ್ಪಲಿಯಿಂದ ಹಿಡಿದು ಸೌಟಿನ ಮರದ ಹಿಡಿಯವರೆಗೆ ಎಲ್ಲದಕ್ಕೂ ಬೂಷ್ಟು ಹಿಡಿಯುತ್ತದೆ. ಒಣ ಊರಿನವರು ಹೊಗಳುವ ಎಷ್ಟೋ ವಸ್ತುಗಳು ಇಲ್ಲಿ ಒಂದು ಮಳೆಗಾಲವನ್ನೂ ದಾಟುವುದಿಲ್ಲ.

ಮೊದಲು ಬಟ್ಟೆ ಒಗೆಯುವ ಪುಡಿಯ ವಿಚಾರವನ್ನು ಕೈಗೆತ್ತಿಕೊಂಡೆ, ಏಕೆಂದರೆ ನಮ್ಮ ಬಚ್ಚಲ ನೀರು ಹಿತ್ತಲಿನ ಬಾಳೆಗೂ ಕೆಸುವಿಗೂ ಹರಿಯುತ್ತದೆ ಮತ್ತು ಉಳಿದದ್ದು ಹಳ್ಳದ ದಾರಿ ಹಿಡಿದು ಕೊನೆಗೆ ತುಂಗೆಯನ್ನೇ ಸೇರುತ್ತದೆ. ಇಲ್ಲಿ ಹಣವನ್ನೂ ಹೊಳೆಯನ್ನೂ ಒಟ್ಟಿಗೆ ಉಳಿಸಿದ್ದು ಯಾವ ಹೊಸ ಉತ್ಪನ್ನವೂ ಅಲ್ಲ, ಹಳೆಯ ಪುಡಿಯನ್ನೇ ಕಡಿಮೆ ಹಾಕಿದ್ದು. ನಮ್ಮ ಬಾವಿಯ ನೀರು ಮೃದು; ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಕಡಿಮೆ. ಬಯಲುಸೀಮೆಯ ಕೊಳವೆಬಾವಿಗಳ ಗಡಸು ನೀರಿನಲ್ಲಿ ಸೋಪಿನ ಒಂದು ಪಾಲು ಈ ಲವಣಗಳೊಂದಿಗೆ ಸೇರಿ ಕರೆಗಟ್ಟಿ ವ್ಯರ್ಥವಾಗುತ್ತದೆ, ನಮ್ಮಲ್ಲಿ ಹಾಗೆ ಆಗುವುದಿಲ್ಲ. ಹೀಗಾಗಿ ಪೊಟ್ಟಣದ ಮೇಲೆ ಹೇಳಿದ ಅಳತೆಯ ಅರ್ಧದಷ್ಟು ಹಾಕಿದರೂ ದಿನಬಳಕೆಯ ಬಟ್ಟೆ ಶುಭ್ರವಾಗುತ್ತದೆ. ಮಲೆನಾಡಿನವರು ದುಬಾರಿ ದ್ರಾವಣಗಳನ್ನು ಹುಡುಕುವ ಮೊದಲು ಇದನ್ನು ಮಾಡಿ ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದಾದ ಮೇಲೆ ಅಂಟುವಾಳದ ಸರದಿ ಬಂತು. ಅದರ ಸಿಪ್ಪೆಯಲ್ಲಿರುವ ಸ್ಯಾಪೊನಿನ್ ಎಂಬ ಅಂಶವೇ ನೊರೆ ಕೊಡುವುದು. ಬೀಜದಿಂದ ಏನೂ ಪ್ರಯೋಜನವಿಲ್ಲವಾದ್ದರಿಂದ ಗ್ರಂಥಿಗೆ ಅಂಗಡಿಯಲ್ಲಿ ಬೀಜ ತೆಗೆದ ಸಿಪ್ಪೆಯನ್ನೇ ಕೇಳಿ ತರುತ್ತೇನೆ, ಇಲ್ಲವಾದರೆ ತೂಕದ ದೊಡ್ಡ ಪಾಲು ಬೀಜಕ್ಕೇ ಹೋಗುತ್ತದೆ. ಒಂದು ಹಿಡಿ ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಕಿವುಚಿ ಸೋಸಿದರೆ ರೇಷ್ಮೆ ಸೀರೆ, ಉಣ್ಣೆಯ ಶಾಲು, ಬಣ್ಣ ಬಿಡುವ ಹತ್ತಿಬಟ್ಟೆ ಇವಕ್ಕೆ ಅದಕ್ಕಿಂತ ಒಳ್ಳೆಯದು ಬೇಡ. ಬೇಸಿಗೆಯಲ್ಲಿ ಈ ರಸ ಎರಡು ಮೂರು ದಿನ ಇರುತ್ತದೆ; ಮಳೆಗಾಲದಲ್ಲಿ ಮರುದಿನವೇ ಹುಳಿವಾಸನೆ ಬರುವುದರಿಂದ ಆ ಹೊತ್ತಿಗೆ ಬೇಕಾದಷ್ಟನ್ನೇ ಮಾಡಿಕೊಳ್ಳುತ್ತೇನೆ. ಒಣಸಿಪ್ಪೆಯನ್ನು ನಮ್ಮ ಅತ್ತೆಯವರು ಒಲೆಯ ಮೇಲಿನ ಅಟ್ಟದಲ್ಲಿ ಬಿದಿರಿನ ಬುಟ್ಟಿಯಲ್ಲಿಟ್ಟು ಹೊಗೆ ತಾಗುವಂತೆ ಮಾಡುತ್ತಾರೆ. ಡಬ್ಬಿಯಲ್ಲಿ ಮುಚ್ಚಿಟ್ಟದ್ದಕ್ಕಿಂತ ಅದು ಚೆನ್ನಾಗಿ ಉಳಿಯುತ್ತದೆ. ಆದರೆ ಅಡಿಕೆ ಸುಲಿಯುವ ಕಾಲದಲ್ಲಿ ಬಟ್ಟೆಗೆ ಹತ್ತುವ ಕಲೆಯ ಮುಂದೆ ಅಂಟುವಾಳದ ಆಟ ನಡೆಯುವುದಿಲ್ಲ. ಅದಕ್ಕೆ ಸಾಮಾನ್ಯ ಬಾರ್ ಸೋಪೇ ಬೇಕು ಎಂದು ಒಪ್ಪಿಕೊಂಡುಬಿಟ್ಟಿದ್ದೇನೆ. ಅರಿಸಿನದ ಕಲೆಗೆ ಮಾತ್ರ ಏನೂ ಖರ್ಚಿಲ್ಲ, ಬಿಸಿಲಿಗೆ ಹಾಕಿದರೆ ಅದರ ಬಣ್ಣ ತಾನಾಗಿ ಮಾಸುತ್ತದೆ.

ಅಂಟುವಾಳದ ಬಗ್ಗೆ ಇನ್ನೊಂದು ಮಾತನ್ನು ಹೇಳಲೇಬೇಕು. ಸಸ್ಯದಿಂದ ಬಂದದ್ದೆಲ್ಲ ನಿರಪಾಯಕಾರಿ ಎಂಬ ನಂಬಿಕೆಗೆ ಆಧಾರವಿಲ್ಲ. ಸ್ಯಾಪೊನಿನ್ ಮೀನುಗಳಿಗೆ ವಿಷ. ನೀರಿಗೆ ಈ ಕಾಯಿಯನ್ನು ಜಜ್ಜಿ ಹಾಕಿ ಮೀನು ಹಿಡಿಯುವ ಪದ್ಧತಿ ಹಿಂದಿನಿಂದಲೂ ಇತ್ತು. ಆದಕಾರಣ ಹಳ್ಳದಲ್ಲಿ ಅಂಟುವಾಳ ಹಾಕಿ ಬಟ್ಟೆ ಒಗೆಯುವುದು ಹಳ್ಳಕ್ಕೆ ಮಾಡುವ ಉಪಕಾರವಲ್ಲ. ಆ ನೀರನ್ನು ಮಣ್ಣಿಗೆ ಇಂಗಿಸಬೇಕು.

ಪಾತ್ರೆ ತೊಳೆಯುವುದಕ್ಕೆ ಬಚ್ಚಲ ಒಲೆಯ ಬೂದಿಯಿದೆ. ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುವುದರಿಂದ ಅದು ಜಿಡ್ಡನ್ನು ಬಿಡಿಸುತ್ತದೆ. ಜರಡಿ ಹಿಡಿದ ನುಣ್ಣನೆಯ ಬೂದಿ ಸ್ಟೀಲು, ಕಬ್ಬಿಣದ ಪಾತ್ರೆಗಳಿಗೆ ಸರಿ. ಕ್ಷಾರವು ಅಲ್ಯೂಮಿನಿಯಂ ಅನ್ನು ಕೊರೆಯುವುದರಿಂದ ಆ ಪಾತ್ರೆಗಳಿಗೆ ಬೂದಿ ಕೂಡದು. ಲೇಪನವಿರುವ ಕಾವಲಿಗಂತೂ ಮುಟ್ಟಿಸಲೇಬಾರದು. ಹಿತ್ತಾಳೆ, ತಾಮ್ರಕ್ಕೆ ಸಾರಿಗೆ ಹಿಂಡಿ ಬಿಟ್ಟ ಹುಣಸೆಯ ಗಷ್ಟು ಮತ್ತು ಉಪ್ಪು ಸಾಕು. ಉಜ್ಜಲು ಪ್ಲಾಸ್ಟಿಕ್ಕಿನ ಹಸಿರು ಸ್ಕ್ರಬ್ ತರುವುದನ್ನು ಬಿಟ್ಟು, ಬಳ್ಳಿಯಲ್ಲೇ ಬಲಿತು ಒಣಗಿದ ತುಪ್ಪದ ಹೀರೆಯ ನಾರನ್ನು ತುಂಡು ಮಾಡಿ ಬಳಸುತ್ತೇವೆ. ತೆಂಗಿನ ನಾರಿಗಿಂತ ಇದು ಬೇಗ ಒಣಗುವುದರಿಂದ ಮಳೆಗಾಲಕ್ಕೆ ಮೇಲು. ಮೆತ್ತಗಾದ ಕೂಡಲೇ ಗೊಬ್ಬರದ ಗುಂಡಿಗೆ ಎಸೆಯುತ್ತೇವೆ.

ನೆಲ ಒರೆಸಲು ಹಣ್ಣಿನ ಸಿಪ್ಪೆಯ ಬಯೋ ಎಂಜೈಮ್ ಮಾಡುವವರು ನಮ್ಮ ಸುತ್ತಮುತ್ತ ಹೆಚ್ಚುತ್ತಿದ್ದಾರೆ. ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ ಕಿತ್ತಳೆಯಂಥ ಸಿಪ್ಪೆ, ಹತ್ತು ಪಾಲು ನೀರು ಸೇರಿಸಿ ಸುಮಾರು ಮೂರು ತಿಂಗಳು ಹುದುಗಲು ಬಿಡುವುದು ಇದರ ಕ್ರಮ. ಮೊದಲ ಕೆಲವು ವಾರ ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಅನಿಲ ಹೊರಬಿಡದಿದ್ದರೆ ಬಾಟಲಿ ಸಿಡಿಯಬಹುದು. ಬೆಲ್ಲದ ಬೆಲೆ ಸೇರಿಸಿದರೂ ಇದು ಅಗ್ಗವೇ. ಆದರೆ ಇದು ಆಮ್ಲೀಯ ದ್ರಾವಣ, ನಮ್ಮ ಹಳೆಯ ಮನೆಯದು ರೆಡ್ ಆಕ್ಸೈಡ್ ಹಾಕಿದ ಸಿಮೆಂಟು ನೆಲ. ಅಂಥ ನೆಲ ಆಮ್ಲಕ್ಕೆ ಹೊಳಪು ಕಳೆದುಕೊಳ್ಳುವುದರಿಂದ ಇದನ್ನು ಕಕ್ಕಸಿಗೂ ಬಚ್ಚಲಿನ ಟೈಲ್ಸಿಗೂ ಮೀಸಲಿಟ್ಟಿದ್ದೇವೆ. ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿ ಉಜ್ಜಬೇಕೆಂಬ ಸಲಹೆಯೂ ಬಹಳ ಓಡಾಡುತ್ತದೆ. ಆಮ್ಲ ಮತ್ತು ಕ್ಷಾರ ಸೇರಿದರೆ ಒಂದನ್ನೊಂದು ತಟಸ್ಥಗೊಳಿಸಿ, ನೊರೆಯ ಸಂಭ್ರಮ ಮುಗಿದ ಮೇಲೆ ಉಳಿಯುವುದು ಬಹುಮಟ್ಟಿಗೆ ಉಪ್ಪುನೀರು. ಎರಡನ್ನೂ ಬೇರೆ ಬೇರೆಯಾಗಿ ಬಳಸಿದರೆ ಮಾತ್ರ ಕೊಟ್ಟ ದುಡ್ಡಿಗೆ ಕೆಲಸವಾಗುತ್ತದೆ.

ಚೀಲಗಳ ವಿಷಯದಲ್ಲಿ ಕಾನೂನೇ ನಮಗಿಂತ ಮುಂದೆ ಹೋಗಿತ್ತು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ 2016ರಲ್ಲೇ ನಿಷೇಧ ಬಂದಿದೆ, ದೇಶದಾದ್ಯಂತ ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ 2022ರ ಜುಲೈ 1ರಿಂದ ಬಂದಿದೆ. ಅದರ ಜಾಗಕ್ಕೆ ಅಂಗಡಿಗಳಿಗೆ ಬಂದದ್ದು ಬಟ್ಟೆಯಂತೆ ಕಾಣುವ, ನೇಯ್ಗೆಯಿಲ್ಲದ ಚೀಲ. ಅದು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಅನುಮಾನ ಬಂದರೆ ಒಂದು ಎಳೆಯನ್ನು ಕಿತ್ತು ಸುಟ್ಟು ನೋಡಬೇಕು: ಹತ್ತಿ ಬೂದಿಯಾಗುತ್ತದೆ, ಪ್ಲಾಸ್ಟಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ನಾವು ಹಳೆಯ ಪಂಚೆ, ಸೀರೆಗಳಿಂದ ದರ್ಜಿಯ ಹತ್ತಿರ ಚೀಲ ಹೊಲಿಸಿಕೊಂಡೆವು, ಖರ್ಚು ಹೊಲಿಗೆಯದು ಮಾತ್ರ. ಸೆಣಬಿನ ಚೀಲವನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಆಷಾಢದಲ್ಲಿ ಒಮ್ಮೆ ನೆನೆದರೆ ಅದರ ಮುಗ್ಗಲು ವಾಸನೆ ದೀಪಾವಳಿಗೂ ಹೋಗುವುದಿಲ್ಲ. ಮಳೆಗಾಲದ ಸಂತೆಗೆ ಖಾಲಿಯಾದ ಅಕ್ಕಿ ಚೀಲದಿಂದ ಹೊಲಿಸಿದ ಕೈಚೀಲವೇ ನಮ್ಮದು. ಅದೂ ಪ್ಲಾಸ್ಟಿಕ್ಕೇ, ನಿಜ. ಆದರೆ ಈಗಾಗಲೇ ಮನೆಯಲ್ಲಿದ್ದದ್ದನ್ನು ಹರಿಯುವವರೆಗೆ ಬಳಸುವುದು ಹೊಸದನ್ನು ಕೊಳ್ಳುವುದಕ್ಕಿಂತ ಒಳ್ಳೆಯದೆಂದು ನಾನು ತಿಳಿದಿದ್ದೇನೆ.

‘ಕಾಂಪೋಸ್ಟಬಲ್’ ಎಂದು ಮುದ್ರಿಸಿದ ಕಸದ ಚೀಲಗಳನ್ನು ತರುವುದನ್ನೂ ನಿಲ್ಲಿಸಿದೆವು. ಐಎಸ್ 17088 ಎಂಬ ಮಾನಕದ ಈ ಚೀಲಗಳು ಕೊಳೆಯಲು ಕೈಗಾರಿಕಾ ಕಾಂಪೋಸ್ಟ್ ಘಟಕದ ಹೆಚ್ಚಿನ ಶಾಖ ಬೇಕು, ಹಿತ್ತಲಿನ ತಣ್ಣಗಿನ ಗೊಬ್ಬರದ ಗುಂಡಿಯಲ್ಲಿ ಆ ಶಾಖ ಹುಟ್ಟುವುದಿಲ್ಲ. ಬುಟ್ಟಿಯ ತಳಕ್ಕೆ ಹಳೆಯ ದಿನಪತ್ರಿಕೆ ಹಾಸಿದರೆ ಕೆಲಸ ನಡೆಯುತ್ತದೆ.

ತಿಂಗಳ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಉಳಿತಾಯ ಕಂಡದ್ದು ಮುಟ್ಟಿನ ಕಪ್ಪಿನಲ್ಲಿ. ಬಟ್ಟೆಯ ಪ್ಯಾಡುಗಳನ್ನು ಬೇಸಿಗೆಯಲ್ಲಿ ಬಳಸುವುದು ಸುಲಭವಾದರೂ, ಅವು ಚೆನ್ನಾಗಿ ಬಿಸಿಲಿಗೆ ಒಣಗದಿದ್ದರೆ ಆರೋಗ್ಯಕ್ಕೆ ಹಿತವಲ್ಲ, ಮತ್ತು ನಮ್ಮಲ್ಲಿ ಬಿಸಿಲು ವಾರಗಟ್ಟಲೆ ಕಾಣುವುದಿಲ್ಲ. ವೈದ್ಯಕೀಯ ದರ್ಜೆಯ ಸಿಲಿಕೋನಿನ ಕಪ್ಪನ್ನು ಒಣಗಿಸುವ ತಾಪತ್ರಯವಿಲ್ಲ. ಪ್ರತಿ ಮುಟ್ಟಿನ ಮೊದಲು ಮತ್ತು ನಂತರ ನೀರಿನಲ್ಲಿ ಕುದಿಸಿದರೆ ಸರಿ. ಜೋಪಾನ ಮಾಡಿದರೆ ವರ್ಷಗಟ್ಟಲೆ ಬಾಳುವುದರಿಂದ ಅದರ ಬೆಲೆ ಕೆಲವೇ ತಿಂಗಳ ಪ್ಯಾಡುಗಳ ಖರ್ಚಿನಲ್ಲಿ ತೀರಿಹೋಗುತ್ತದೆ. ಒಗ್ಗಿಕೊಳ್ಳಲು ಸ್ವಲ್ಪ ಕಾಲ ಬೇಕು, ಅಳತೆಯ ಬಗ್ಗೆ ಸಂದೇಹವಿದ್ದರೆ ವೈದ್ಯರನ್ನು ಕೇಳುವುದು ಲೇಸು. ನನ್ನ ಮಗಳಿಗೆ ಇದು ಹಿಡಿಸಲಿಲ್ಲ, ಒತ್ತಾಯಿಸುವ ವಿಷಯವೂ ಇದಲ್ಲ.

ಬಿದಿರಿನ ಹಲ್ಲುಜ್ಜುವ ಬ್ರಷ್ಷು ಎರಡೂ ಅಳತೆಗಳಲ್ಲಿ ಸೋತಿತು. ಅದರ ಎಳೆಗಳು ಹೆಚ್ಚಾಗಿ ನೈಲಾನಿನವೇ, ಬೆಲೆ ಹೆಚ್ಚು, ಬಚ್ಚಲ ತೇವಕ್ಕೆ ಹಿಡಿ ಕಪ್ಪಾಗುತ್ತದೆ.

ಮನೆಯಲ್ಲಿ ಪೂಜೆ, ತಿಥಿ, ನಾಮಕರಣದಂಥ ಕಾರ್ಯವಿದ್ದಾಗ ಊಟಕ್ಕೆ ಬಾಳೆಎಲೆ, ನೀರಿಗೆ ಸ್ಟೀಲಿನ ಲೋಟ ಎಂದು ನಿಗದಿ ಮಾಡಿದ್ದೇವೆ. ಕಾಗದದ ಲೋಟದ ಒಳಗೆ ಪ್ಲಾಸ್ಟಿಕ್ ಲೇಪನವಿರುತ್ತದೆ ಎಂಬುದನ್ನು ಅಡುಗೆಯವರಿಗೆ ಪ್ರತಿ ಬಾರಿಯೂ ಹೇಳಬೇಕಾಗುತ್ತದೆ. ನಮ್ಮ ತೋಟದಲ್ಲೇ ಬೀಳುವ ಹಾಳೆಯಿಂದ ಅಡಿಕೆ ಹಾಳೆಯ ತಟ್ಟೆ ತಯಾರಾಗುವುದರಿಂದ ಅದರ ಮೇಲೆ ನನಗೆ ಸಹಜವಾಗಿ ಮಮಕಾರವಿದೆ. ಆದರೂ ಅಡಿಕೆಯ ಆಲ್ಕಲಾಯ್ಡುಗಳು ಆಹಾರಕ್ಕೆ ಸೇರುವ ಸಂಭವವಿದೆಯೆಂಬ ಕಾರಣಕ್ಕೆ 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ತಟ್ಟೆಗಳಿಗೆ ಆಕ್ಷೇಪ ಎತ್ತಿದ ಮೇಲೆ, ಬಿಸಿ ಸಾರು, ಪಾಯಸಗಳನ್ನು ಅದರಲ್ಲಿ ಬಡಿಸುವುದನ್ನು ಬಿಟ್ಟು ಕೋಸಂಬರಿ, ಹಣ್ಣು, ಒಣತಿಂಡಿಗಳಿಗಷ್ಟೇ ಉಳಿಸಿಕೊಂಡಿದ್ದೇವೆ. ಸ್ಟೀಲಿನ ಲೋಟಗಳನ್ನು ಕೇರಿಯ ನಾಲ್ಕು ಮನೆಯವರು ಸೇರಿ ಕೊಂಡು ಒಂದು ಪೆಟ್ಟಿಗೆಯಲ್ಲಿಟ್ಟಿದ್ದೇವೆ. ಕಾರ್ಯವಿದ್ದ ಮನೆಯವರು ಒಯ್ದು, ತೊಳೆದು, ಎಣಿಸಿ ಹಿಂತಿರುಗಿಸುತ್ತಾರೆ.