ಗುಂಪಾಗಿ ಫ್ಲೈ ಫಿಶಿಂಗ್: ಹೊಳೆಯ ಲೆಕ್ಕ ಮೊದಲು, ಡೇರೆಯ ಲೆಕ್ಕ ಆಮೇಲೆ

ಹತ್ತು ಮಂದಿ ಸೇರಿ ವಾರಾಂತ್ಯಕ್ಕೆ ಹೊಳೆಯ ಬದಿಯಲ್ಲಿ ಬಿಡಾರ ಹೂಡಿ ಫ್ಲೈ ಫಿಶಿಂಗ್ ಮಾಡೋಣವೆಂದು ಮಾತಾದೊಡನೆ ಡೇರೆ ಎಷ್ಟು ಬೇಕು, ವಾಹನ ಎಷ್ಟು ಬೇಕು ಎಂಬ ಲೆಕ್ಕ ಶುರುವಾಗುತ್ತದೆ. ಡೇರೆಯನ್ನೂ ವಾಹನವನ್ನೂ ಹೇಗಾದರೂ ಹೊಂದಿಸಿಕೊಳ್ಳಬಹುದು. ಹೊಂದಿಸಲಾಗದ್ದು ನೀರಿನ ಉದ್ದ. ಆರು ಮಂದಿಗೆ ಸಾಕಾಗುವ ಹೊಳೆಗೆ ಹನ್ನೆರಡು ಮಂದಿ ಇಳಿದರೆ ಮೀನುಗಳೆಲ್ಲ ಬೆದರಿ ಬಂಡೆಗಳ ಅಡಿ ಸೇರುತ್ತವೆ, ಮಿಕ್ಕ ಹೊತ್ತು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರಬೇಕಾಗುತ್ತದೆ. ಆದ್ದರಿಂದ ಈ ಯೋಜನೆಯನ್ನು ನೀರಿನಿಂದ ಶುರುಮಾಡಿ ದಡದ ಕಡೆಗೆ ಬರುವುದೇ ಸರಿಯಾದ ಕ್ರಮ.

ಇದಕ್ಕೆ ಕಾರಣ ಈ ಬಗೆಯ ಗಾಳದ ಸ್ವಭಾವದಲ್ಲೇ ಇದೆ. ಸಾಮಾನ್ಯ ಗಾಳದಲ್ಲಿ ಸೀಸದ ಗುಂಡೋ ಲೋಹದ ಹುಸಿ ಮೀನೋ ತನ್ನ ಭಾರದಿಂದ ಹಗುರವಾದ ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ಹಾಗಲ್ಲ. ಗರಿ, ನೂಲು, ಪ್ರಾಣಿಯ ಕೂದಲು ಸುತ್ತಿ ಕಟ್ಟಿದ ಹುಸಿ ಕೀಟಕ್ಕೆ, ಅಂದರೆ ಫ್ಲೈಗೆ, ಹೇಳಿಕೊಳ್ಳುವಂಥ ಭಾರವೇ ಇರುವುದಿಲ್ಲ. ದಪ್ಪನೆಯ ಲೈನಿನ ಭಾರವೇ ಅದನ್ನು ಸಾಗಿಸಬೇಕು. ಆ ಲೈನ್ ಮುಂದಕ್ಕೆ ಹಾರುವ ಮೊದಲು ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳಬೇಕಾದ್ದರಿಂದ, ಹನ್ನೆರಡು ಮೀಟರ್ ದೂರಕ್ಕೆ ಎಸೆಯುವವರಿಗೆ ಹಿಂದೆಯೂ ಹೆಚ್ಚುಕಡಿಮೆ ಅಷ್ಟೇ ಬಯಲು ಬೇಕು. ಅಲ್ಲಿ ಮರವಿದ್ದರೆ ಫ್ಲೈ ಹೋಗುತ್ತದೆ, ಮನುಷ್ಯನಿದ್ದರೆ ಕಣ್ಣು ಹೋಗುತ್ತದೆ.

ಹೊಳೆಯನ್ನು ಹಂಚಿಕೊಳ್ಳುವುದು

ಹೊರಡುವ ಮೊದಲೇ ನಕ್ಷೆ ಹರಡಿಕೊಂಡು, ಬಿಡಾರದಿಂದ ನಡೆದು ತಲುಪಬಹುದಾದ ನೀರನ್ನೆಲ್ಲ ತುಂಡುತುಂಡಾಗಿ ಗುರುತಿಸಬೇಕು. ಗಡಿಗಳು ನಕ್ಷೆಯ ಮೇಲಿನ ಗೆರೆಗಳಾಗದೆ, ಸೇತುವೆ, ಹಳ್ಳ ಸೇರುವ ಜಾಗ, ದೊಡ್ಡ ಬಂಡೆ, ಹೊಳೆಯ ತಿರುವು ಇಂಥ ಕಣ್ಣಿಗೆ ಬೀಳುವ ಗುರುತುಗಳಾಗಿರಲಿ. ಒಂದು ತುಂಡಿಗೆ ಇಬ್ಬರಂತೆ ಜೋಡಿ ಮಾಡಿ. ಚಿಕ್ಕ ಹೊಳೆಯಾದರೆ ಒಂದು ಜೋಡಿಗೆ ಇನ್ನೂರು ಮೀಟರಿಗಿಂತ ಕಡಿಮೆ ಕೊಡುವುದು ನನ್ನ ಮಟ್ಟಿಗೆ ಮೀನಿಗೂ ಮನುಷ್ಯರಿಗೂ ಅನ್ಯಾಯ. ಹೀಗೆ ಎಣಿಸಿದಾಗ ಎಷ್ಟು ತುಂಡುಗಳು ಸಿಗುತ್ತವೆಯೋ ಅದರ ಎರಡರಷ್ಟು ಮಂದಿಯೇ ಗುಂಪಿನ ಮಿತಿ. ಹೆಸರು ಕೊಟ್ಟವರು ಅದಕ್ಕಿಂತ ಹೆಚ್ಚಿದ್ದರೆ ಹೊಳೆಯನ್ನು ಬದಲಿಸಬೇಕು, ಇಲ್ಲವೇ ಎರಡು ತಂಡವಾಗಿ ಬೇರೆ ಬೇರೆ ವಾರ ಹೋಗಬೇಕು.

ಅರ್ಧ ದಿನಕ್ಕೊಮ್ಮೆ ಜೋಡಿಗಳು ತುಂಡು ಬದಲಿಸಿಕೊಂಡರೆ, ಒಳ್ಳೆಯ ಮಡುವೆಲ್ಲ ಅವರಿಗೇ ಸಿಕ್ಕಿತೆಂಬ ಗೊಣಗಾಟ ಹುಟ್ಟುವುದಿಲ್ಲ. ಜೋಡಿಯೊಳಗೆ ಒಬ್ಬರು ಪಳಗಿದವರು, ಒಬ್ಬರು ಹೊಸಬರು ಇರಲಿ, ಆದರೆ ಪಳಗಿದವರ ಒಪ್ಪಿಗೆ ಕೇಳಿಯೇ ಹಾಗೆ ಮಾಡಬೇಕು; ಎರಡೂ ದಿನ ಕಲಿಸುವುದರಲ್ಲೇ ಕಳೆಯಲು ಎಲ್ಲರಿಗೂ ಮನಸ್ಸಿರುವುದಿಲ್ಲ. ಗಾಳ ಹಾಕುವ ಆಸೆಯೇ ಇಲ್ಲದೆ ಮರದ ಕೆಳಗೆ ಪುಸ್ತಕ ಹಿಡಿದು ಕೂರಲು ಬರುವವರು ಒಬ್ಬಿಬ್ಬರು ಗುಂಪಿನಲ್ಲಿದ್ದರೆ ಅದೂ ಒಂದು ಭಾಗ್ಯ, ಏಕೆಂದರೆ ಬಿಡಾರ ಕಾಯುವವರು ಯಾರು ಎಂಬ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ.

ದಿನ ಗೊತ್ತುಮಾಡುವುದು

ಫ್ಲೈ ಫಿಶಿಂಗ್‌ನಲ್ಲಿ ಹೆಚ್ಚಿನವರು ಅರಸುವ ಟ್ರೌಟ್ ತಣ್ಣೀರಿನ ಮೀನು. ನೀರಿನ ಉಷ್ಣಾಂಶ ಸುಮಾರು 10ರಿಂದ 18 ಡಿಗ್ರಿ ಸೆಲ್ಸಿಯಸ್ ಇರುವಾಗ ಅದು ಚುರುಕಾಗಿ ಮೇಯುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುವುದರಿಂದ, 20 ಡಿಗ್ರಿ ದಾಟಿದ ಮೇಲೆ ಗಾಳಕ್ಕೆ ಸಿಕ್ಕಿ ಸೆಣಸಿದ ಮೀನನ್ನು ಎಷ್ಟೇ ಜೋಪಾನವಾಗಿ ಬಿಟ್ಟರೂ ಅದು ಚೇತರಿಸಿಕೊಳ್ಳದೆ ಸಾಯುವ ಅಪಾಯ ಹೆಚ್ಚು. ಗುಂಪಿಗೊಂದು ಥರ್ಮಾಮೀಟರ್ ಇಟ್ಟುಕೊಂಡು, ಆ ಅಂಕೆ ಮುಟ್ಟಿದೊಡನೆ ಎಲ್ಲರೂ ಗಾಳ ಸುತ್ತಿಡಬೇಕೆಂಬ ನಿಯಮವನ್ನು ಮೊದಲೇ ಒಪ್ಪಿಕೊಳ್ಳಬೇಕು.

ಮಳೆ ಬಂದು ಕೆಂಪಾದ ಹೊಳೆಯಲ್ಲಿ ಫ್ಲೈ ಮೀನಿನ ಕಣ್ಣಿಗೆ ಬೀಳುವುದೇ ಕಷ್ಟ. ಮೇಲ್ಭಾಗದಲ್ಲಿ ಅಣೆಕಟ್ಟು ಇದ್ದರೆ ನೀರು ಬಿಡುವ ವೇಳೆಯನ್ನು ಕೇಳಿ ತಿಳಿಯದೆ ದಿನ ಗೊತ್ತುಮಾಡಲೇಬಾರದು, ಏಕೆಂದರೆ ಆಕಾಶ ತಿಳಿಯಾಗಿರುವಾಗಲೂ ಹೊಳೆ ಏಕಾಏಕಿ ಏರಬಹುದು. ಮೀನು ಹಿಡಿಯುವ ಪರವಾನಗಿಯನ್ನು ಸಾಮಾನ್ಯವಾಗಿ ಪ್ರತಿಯೊಬ್ಬರೂ ತಂತಮ್ಮ ಹೆಸರಿನಲ್ಲಿ ಪಡೆಯಬೇಕಾಗುತ್ತದೆ. ಬಿಡಾರ ಹೂಡುವ ಅನುಮತಿ ಬೇರೆಯೇ. ಎರಡನ್ನೂ ಒಬ್ಬರೇ ನೋಡಿಕೊಳ್ಳುವುದು ಮೇಲು, ಹತ್ತು ಮಂದಿಗೆ ವಹಿಸಿದ ಕೆಲಸವನ್ನು ಯಾರೂ ಮಾಡಿರುವುದಿಲ್ಲ.

ಊಟದ ವೇಳೆಯನ್ನು ಮೀನು ನಿರ್ಧರಿಸಲಿ

ಮೇಫ್ಲೈ, ಕ್ಯಾಡಿಸ್, ಸ್ಟೋನ್‌ಫ್ಲೈ, ಮಿಡ್ಜ್ ಮೊದಲಾದ ಕೀಟಗಳು ಬಾಳಿನ ಹೆಚ್ಚಿನ ಪಾಲನ್ನು ನೀರಿನಡಿಯಲ್ಲೇ ಕಳೆದು, ಕೊನೆಗೆ ರೆಕ್ಕೆ ಬಂದು ಮೇಲೇಳುತ್ತವೆ. ಅವು ಹಿಂಡಾಗಿ ಏಳುವ ಹೊತ್ತಿನಲ್ಲಿ ಮೀನು ಮೈಮರೆತು ಮೇಯುತ್ತದೆ. ಬೇಸಿಗೆಯಲ್ಲಿ ಈ ಹೊತ್ತು ಸಾಮಾನ್ಯವಾಗಿ ಮುಂಜಾನೆ ಮತ್ತು ಮುಸ್ಸಂಜೆ. ಚಳಿ ಇನ್ನೂ ಬಿಡದ ದಿನಗಳಲ್ಲಿ ನೀರು ಕೊಂಚ ಬೆಚ್ಚಗಾಗುವ ನಡುಹಗಲು. ಗುಂಪಿನ ಬಿಡಾರಗಳಲ್ಲಿ ನಡೆಯುವ ದೊಡ್ಡ ಎಡವಟ್ಟೆಂದರೆ ಮನೆಯ ವೇಳಾಪಟ್ಟಿಯನ್ನೇ ಹೊಳೆಯ ಬದಿಗೆ ಹೊತ್ತು ತರುವುದು. ಬೇಸಿಗೆಯ ಸಂಜೆ ಏಳಕ್ಕೆ ಊಟಕ್ಕೆ ಕರೆದರೆ ಆ ದಿನದ ಒಳ್ಳೆಯ ಹೊತ್ತೇ ಕೈತಪ್ಪುತ್ತದೆ. ಅದರ ಬದಲು ನಡುಹಗಲಿನಲ್ಲಿ ಹೊಟ್ಟೆ ತುಂಬ ಊಟವಿಟ್ಟು, ಒಂದು ನಿದ್ದೆಗೂ ಬಿಡುವು ಕೊಟ್ಟು, ರಾತ್ರಿ ಕತ್ತಲಾದ ಮೇಲೆ ಬಿಸಿಮಾಡಿ ಬಡಿಸಬಹುದಾದ ಒಂದೇ ಪಾತ್ರೆಯ ಅಡುಗೆಯನ್ನು ಇಟ್ಟುಕೊಳ್ಳಬೇಕು. ಹಿಡಿದ ಮೀನನ್ನೇ ಊಟಕ್ಕೆ ನಂಬಿ ಹೋಗುವುದಂತೂ ಬೇಡವೇ ಬೇಡ.

ಗಾಳದ ಸಾಮಾನು

ಹಳಬರು ತಮ್ಮದನ್ನು ತರುತ್ತಾರೆ. ಹೊಸಬರಿಗಾಗಿ ಬಾಡಿಗೆಗೋ ಎರವಲಾಗಿಯೋ ತರುವ ರಾಡುಗಳೆಲ್ಲ ಒಂದೇ ಅಳತೆಯವಾಗಿರಲಿ. ಟ್ರೌಟ್‌ಗೆ 9 ಅಡಿ ಉದ್ದದ, 5 ವೆಯ್ಟ್ ರಾಡ್ ಹೆಚ್ಚಿನ ಸಂದರ್ಭಗಳಿಗೆ ಹೊಂದುತ್ತದೆ; ವೆಯ್ಟ್ ಎಂದರೆ ರಾಡ್ ಎಷ್ಟು ಭಾರದ ಲೈನಿಗೆ ಹೊಂದುತ್ತದೆಂದು ಹೇಳುವ ಅಂಕೆ, ಆದ್ದರಿಂದ ಅದಕ್ಕೆ ಅದೇ ಅಂಕೆಯ ಲೈನ್ ಬೇಕು. ಎಲ್ಲರದೂ ಒಂದೇ ಬಗೆಯಾದರೆ ಒಬ್ಬರ ಲೈನ್ ಸುತ್ತುವ ರೀಲ್ ಕೆಟ್ಟಾಗ ಇನ್ನೊಬ್ಬರದನ್ನು ಹಾಕಬಹುದು. ಲೈನಿನ ತುದಿಗೆ, ಮುಂದೆ ಹೋದಂತೆ ಸಪೂರವಾಗುವ 9 ಅಡಿಯ ಎಳೆಯಾದ ಲೀಡರ್, ಅದರ ಮುಂದೆ ಫ್ಲೈ ಕಟ್ಟುವ ಸಪೂರ ಎಳೆಯಾದ ಟಿಪ್ಪೆಟ್ ಇರುತ್ತದೆ. ಟಿಪ್ಪೆಟ್‌ನ ಸುರುಳಿಯ ಮೇಲಿರುವ ಎಕ್ಸ್ ಅಂಕೆ ಹೆಚ್ಚಿದಷ್ಟೂ ಎಳೆ ಸಪೂರವಾಗುತ್ತದೆ. ಆ ಅಂಕೆಯನ್ನು 11ರಿಂದ ಕಳೆದರೆ ಅಂಗುಲದ ಸಾವಿರದ ಭಾಗಗಳಲ್ಲಿ ಅದರ ದಪ್ಪ ಸಿಗುತ್ತದೆ, ಅಂದರೆ 5 ಎಕ್ಸ್ ಎಂದರೆ 0.006 ಅಂಗುಲ. ಗುಂಪಿಗೆ 4 ಎಕ್ಸ್ ಮತ್ತು 5 ಎಕ್ಸ್ ಎರಡಿದ್ದರೆ ಬಹುಮಟ್ಟಿಗೆ ಸಾಕು. ಫ್ಲೈಗಳಲ್ಲಿ ತೇಲುವ ಆಡಮ್ಸ್ ಮತ್ತು ಎಲ್ಕ್ ಹೇರ್ ಕ್ಯಾಡಿಸ್, ಮುಳುಗುವ ಫೆಸೆಂಟ್ ಟೇಲ್ ನಿಂಫ್ ಮತ್ತು ವೂಲಿ ಬಗ್ಗರ್ ಇಷ್ಟನ್ನು ಎರಡು ಮೂರು ಗಾತ್ರಗಳಲ್ಲಿ ಸಾಮೂಹಿಕ ಡಬ್ಬಿಯಲ್ಲಿಡಿ.

ಮೊದಲ ಸಂಜೆ ಹೊಸಬರೆಲ್ಲರಿಗೂ ಒಂದು ಗಂಟು ಕೈಗೆ ಹತ್ತಿಸಿದರೆ ಮರುದಿನ ಪಳಗಿದವರ ಅರ್ಧ ಹೊತ್ತು ಉಳಿಯುತ್ತದೆ. ಟಿಪ್ಪೆಟ್‌ನ ತುದಿಯನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ, ಮೂಲ ಎಳೆಯ ಸುತ್ತ ಐದು ಸುತ್ತು ಸುತ್ತಿ, ಕಣ್ಣಿನ ಪಕ್ಕದಲ್ಲೇ ಉಳಿದ ಪುಟ್ಟ ಕುಣಿಕೆಯೊಳಗೆ ತುದಿಯನ್ನು ಹಾಯಿಸಿ, ಆಗ ಮೂಡುವ ದೊಡ್ಡ ಕುಣಿಕೆಯೊಳಗೂ ಒಮ್ಮೆ ಹಾಯಿಸಬೇಕು. ಬಿಗಿಯುವ ಮೊದಲು ಗಂಟನ್ನು ಎಂಜಲಿನಿಂದ ಒದ್ದೆ ಮಾಡುವುದನ್ನು ಮರೆಯಬಾರದು. ಒಣಗಿದ ಎಳೆ ಉಜ್ಜಿ ಬಿಸಿಯಾಗಿ ಅಲ್ಲೇ ಬಲ ಕಳೆದುಕೊಳ್ಳುತ್ತದೆ. ಜೊತೆಗೆ ಎಲ್ಲ ಕೊಕ್ಕೆಗಳ ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿಸಿ. ಅಂಥ ಕೊಕ್ಕೆ ಮೀನಿನ ಬಾಯಿಂದಲೂ ಸುಲಭವಾಗಿ ಬರುತ್ತದೆ, ಗೆಳೆಯರ ಕಿವಿಯಿಂದಲೂ.

ನೀರಿಗಿಳಿಯುವಾಗ

ಕನ್ನಡಕ ಮತ್ತು ಟೊಪ್ಪಿಗೆ ಇಲ್ಲದೆ ಯಾರೂ ರಾಡ್ ಬೀಸಬಾರದು, ಇದರಲ್ಲಿ ವಿನಾಯಿತಿ ಬೇಡ. ಪೋಲರಾಯ್ಡ್ ಕನ್ನಡಕವಾದರೆ ನೀರಿನ ಹೊಳಪು ಕಡಿಮೆಯಾಗಿ ಮೀನೂ ಕಾಣುತ್ತದೆ, ಕಾಲಿಡುವ ಕಲ್ಲೂ ಕಾಣುತ್ತದೆ. ಹೊಸಬರಿಗೆ ಮೊಣಕಾಲಿನ ಆಳವೇ ಮಿತಿ. ಎದೆಯವರೆಗಿನ ವೇಡರ್ಸ್, ಅಂದರೆ ನೀರು ಒಳಬಿಡದ ಉಡುಪು, ತೊಟ್ಟವರು ಸೊಂಟದ ಪಟ್ಟಿಯನ್ನು ಬಿಗಿಯಾಗಿ ಕಟ್ಟಿರಬೇಕು, ಬಿದ್ದಾಗ ಒಳಗೆ ನೀರು ನುಗ್ಗುವುದನ್ನು ಅದೇ ತಡೆಹಿಡಿಯುತ್ತದೆ. ಸೆಳವಿಗೆ ಪಕ್ಕೆ ಕೊಟ್ಟು, ಊರುಗೋಲಿನಿಂದ ಮುಂದಿನ ನೆಲವನ್ನು ತಡವಿ, ಒಂದು ಕಾಲು ನೆಲೆಯಾದ ಮೇಲೆಯೇ ಇನ್ನೊಂದನ್ನು ಸರಿಸಬೇಕು. ಸೆಳವಿಗೆ ಸಿಕ್ಕಿಬಿದ್ದರೆ ಅಂಗಾತ ತೇಲುತ್ತ, ಕಾಲುಗಳನ್ನು ಹರಿವಿನ ದಿಕ್ಕಿಗೆ ಮುಂದೆ ಚಾಚಿ, ದಡದ ಕಡೆಗೆ ಕೈ ಬಡಿಯಬೇಕು, ರಾಡನ್ನು ಬಿಟ್ಟುಬಿಡಬೇಕು.

ಗುಡುಗು ಕೇಳಿದೊಡನೆ ನೀರಿನಿಂದ ಮೇಲೆ ಬಂದು ರಾಡನ್ನು ದೂರವಿಡಿ, ಏಕೆಂದರೆ ಈಗಿನ ರಾಡುಗಳಲ್ಲಿ ಹೆಚ್ಚಿನವು ಮಾಡಲ್ಪಟ್ಟಿರುವ ಕಾರ್ಬನ್ ನಾರಿನ ಮೂಲಕ ವಿದ್ಯುತ್ ಹರಿಯುತ್ತದೆ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು. ಯಾರಿಗಾದರೂ ಕಣ್ಣಿಗೆ ಕೊಕ್ಕೆ ತಗುಲಿದರೆ ಕೀಳಲು ಹೋಗದೆ, ಕಣ್ಣಿನ ಮೇಲೆ ಒತ್ತಡ ಬೀಳದಂತೆ ಮರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಅದಕ್ಕಾಗಿ ಹತ್ತಿರದ ಆಸ್ಪತ್ರೆಯ ದಾರಿ, ಮೊಬೈಲ್ ಸಿಗ್ನಲ್ ಸಿಗುವ ಜಾಗ ಮತ್ತು ವಾಹನದ ಕೀಲಿ ಇಟ್ಟಿರುವ ಜಾಗ ಈ ಮೂರೂ ಎಲ್ಲರಿಗೂ ಗೊತ್ತಿರಬೇಕು.

ಬಿಡುವುದಾದರೆ ಸರಿಯಾಗಿ ಬಿಡುವುದು

ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು; ಒಣಗೈ ಅದರ ಮೈಮೇಲಿನ ಲೋಳೆಯನ್ನು ಕಿತ್ತುಹಾಕಿ ರೋಗಕ್ಕೆ ದಾರಿಮಾಡುತ್ತದೆ. ಕಿವಿರಿನೊಳಗೆ ಬೆರಳಿಡದೆ, ನೀರಿನಲ್ಲೇ ಇಟ್ಟು ಕೊಕ್ಕೆ ಬಿಡಿಸಿ, ಮೂತಿಯನ್ನು ಹರಿವಿಗೆ ಎದುರಾಗಿ ಹಿಡಿದು, ತಾನಾಗಿ ಬಾಲ ಬೀಸಿ ಹೋಗುವವರೆಗೆ ಆಸರೆ ಕೊಡಬೇಕು. ಫೋಟೋ ಬೇಕಿದ್ದರೆ ಜೊತೆಗಾರರು ಕ್ಯಾಮೆರಾ ಸಿದ್ಧವಾಗಿ ಹಿಡಿದ ಮೇಲೆ ಕೆಲವೇ ಸೆಕೆಂಡು ಮೇಲೆತ್ತಿ. ಗುಂಪಿನಲ್ಲಿ ಈ ಫೋಟೋ ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟುವ ಮೆರವಣಿಗೆಯಾಗದಂತೆ ನೋಡಿಕೊಳ್ಳುವುದು ಸಂಘಟಕರ ಕೆಲಸ.

ಬಿಡಾರ

ಡೇರೆ, ಪಾತ್ರೆ ತೊಳೆಯುವ ಜಾಗ, ಶೌಚದ ಜಾಗ ಎಲ್ಲವೂ ನೀರಿನಿಂದ ಕನಿಷ್ಠ 60 ಮೀಟರ್ ದೂರದಲ್ಲಿರಬೇಕು. ಶೌಚಾಲಯವಿಲ್ಲದ ಕಡೆ 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಆಮೇಲೆ ಮುಚ್ಚಬೇಕು. ಹೊಳೆ ಎಷ್ಟೇ ತಿಳಿಯಾಗಿ ಕಂಡರೂ ಜಿಯಾರ್ಡಿಯಾದಂಥ ಪರೋಪಜೀವಿಗಳು ಅದರಲ್ಲಿರಬಹುದು. ಕುಡಿಯುವ ನೀರನ್ನು ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಬೇಕು, 2,000 ಮೀಟರಿಗಿಂತ ಎತ್ತರದ ಜಾಗದಲ್ಲಿ ಮೂರು ನಿಮಿಷ. ಕಾಡುಪ್ರಾಣಿಗಳಿರುವ ಕಡೆ ತಿನಿಸು, ಕಸ, ಸೋಪು ಯಾವುದನ್ನೂ ಡೇರೆಯೊಳಗೆ ಇಟ್ಟುಕೊಳ್ಳಬಾರದು. ರಾತ್ರಿಗೆ ಉಣ್ಣೆ ಬಟ್ಟೆ ಬೇಕು; ಒದ್ದೆಯಾದ ಹತ್ತಿ ಬಟ್ಟೆ ಮೈಯ ಬಿಸಿಯನ್ನು ಹೀರುತ್ತದೆ.

ಹೊರಡುವ ದಿನ

ಕೊನೆಯ ಬೆಳಗ್ಗೆ ಎರಡು ಗಂಟೆಯನ್ನು ಶುಚಿಗೆಂದೇ ಮೀಸಲಿಡಿ. ತುಂಡಾದ ನೈಲಾನ್ ಎಳೆ ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುವುದರಿಂದ ಹುಲ್ಲಿನಲ್ಲಿ ಹುಡುಕಿ ಹೆಕ್ಕಬೇಕು. ಬೂಟು, ವೇಡರ್ಸ್, ಬಲೆಗಳ ಕೆಸರನ್ನು ಅಲ್ಲೇ ತೊಳೆಯಬೇಕು, ಏಕೆಂದರೆ ಒಂದು ಹೊಳೆಯ ಪಾಚಿ ಮತ್ತು ರೋಗಾಣು ಇನ್ನೊಂದಕ್ಕೆ ಹೋಗುವುದು ಹೆಚ್ಚಾಗಿ ಇವುಗಳ ಮೂಲಕವೇ. 2004ರಲ್ಲಿ ನ್ಯೂಜಿಲೆಂಡ್‌ನ ನದಿಯೊಂದರಲ್ಲಿ ಡಿಡಿಮೊ ಎಂಬ ಪಾಚಿ ಕಾಣಿಸಿಕೊಂಡ ಮೇಲೆ, ತೇವವನ್ನು ಬಹುಕಾಲ ಹಿಡಿದಿಡುವ ಫೆಲ್ಟ್ ಅಟ್ಟೆಯ, ಅಂದರೆ ಒತ್ತಿ ಮಾಡಿದ ನಾರುಬಟ್ಟೆಯ ಅಟ್ಟೆಯ, ಬೂಟುಗಳನ್ನು ಆ ದೇಶ 2008ರಲ್ಲಿ ನಿಷೇಧಿಸಿತು. ಅಲ್ಲಿನ ಸೂಚನೆಯಂತೆ ಸಾಮಾನು ಒಳಗೂ ಹೊರಗೂ ಒಣಗಿದ ನಂತರ ಇನ್ನೂ 48 ಗಂಟೆ ಹಾಗೆಯೇ ಬಿಡುವುದು ಎಲ್ಲ ಕಡೆಗೂ ಒಳ್ಳೆಯ ಪದ್ಧತಿ. ಬಾಡಿಗೆಯ ರಾಡುಗಳನ್ನು ಎಣಿಸಿ, ಖರ್ಚಿನ ಲೆಕ್ಕವನ್ನು ವಾಹನ ಹತ್ತುವ ಮೊದಲೇ ಎಲ್ಲರ ಮುಂದೆ ಓದಿ ಹೇಳಿ, ಕೊಡುವುದು ತೆಗೆದುಕೊಳ್ಳುವುದನ್ನು ಅಲ್ಲೇ ಮುಗಿಸಿಬಿಡಿ.