ಚೀಲ ಕೊಡವುವುದನ್ನು ಬಿಟ್ಟು ನಿದ್ದೆಯ ಲೆಕ್ಕ ಕೇಳಿದೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆಗಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ನಾನು ಮಾಡಿದ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮೊದಲ ಪಿರಿಯಡ್‌ನಲ್ಲೇ ತೂಕಡಿಸುತ್ತಿದ್ದ. ಎಲ್ಲರೆದುರು ಅವನ ಚೀಲ ಕೊಡವಿದೆ. ಕಂಪಾಸ್ ಪೆಟ್ಟಿಗೆಯಲ್ಲಿ, ಕೋನಮಾಪಕದ ಅಡಿಯಲ್ಲಿ, ಕಾಗದದಲ್ಲಿ ಮಡಿಸಿಟ್ಟ ಹೊಗೆಸೊಪ್ಪಿನ ಚೂರು. ತಂದೆಗೆ ಫೋನ್ ಮಾಡಿದೆ. ಹುಡುಗ ಹನ್ನೊಂದು ದಿನ ಶಾಲೆಯ ಕಡೆ ತಲೆಹಾಕಲಿಲ್ಲ.

ಬಂದ ಮೇಲೆ ಕೌನ್ಸೆಲರ್ ಎದುರು ಕೂರಿಸಿದೆವು. ಅವರದು ಮಲಯಾಳ, ಇವನ ಮನೆಮಾತು ತುಳು, ನಡುವೆ ದುಭಾಷಿಯಾಗಿ ನಾನು. ಕೇಳಿದ್ದಕ್ಕೆಲ್ಲ ‘ದಾಲ ಇಜ್ಜಿ’, ಏನೂ ಇಲ್ಲ ಎಂಬ ಒಂದೇ ಉತ್ತರ. ಇವನಿಗೆ ಮಲಯಾಳ ಬಾರದೆಂದಲ್ಲ. ಆದರೆ ಅಂಗಡಿಯಲ್ಲಿ ಚೌಕಾಸಿ ಮಾಡುವ ಭಾಷೆಯಲ್ಲಿ ಬೇಜಾರು ಹೇಳಿಕೊಳ್ಳಲು ಬರುವುದಿಲ್ಲ. ಮೇಲಾಗಿ ಚೀಲ ಕೊಡವಿದವನೇ ಪಕ್ಕದಲ್ಲಿ ಕೂತಿದ್ದರೆ ಯಾರು ಬಾಯಿ ಬಿಟ್ಟಾರು?

ಭಾಷಣ, ಪೋಸ್ಟರ್ ಎಲ್ಲ ಪಕ್ಕಕ್ಕಿಟ್ಟು ಇಡೀ ತರಗತಿಗೆ ಒಂದು ವಾರದ ಲೆಕ್ಕ ಬರೆಯಲು ಹೇಳಿದೆ: ಮಲಗಿದ ಹೊತ್ತು, ಎದ್ದ ಹೊತ್ತು, ಬೆಳಿಗ್ಗೆ ತಿಂದದ್ದು. ಪಾಠದ ಭಾಗವೆಂದೇ ಹೇಳಿದ್ದರಿಂದ ಯಾರಿಗೂ ಮುಜುಗರವಾಗಲಿಲ್ಲ. ಇವನ ಹಾಳೆಯಲ್ಲಿ ಏಳು ದಿನದಲ್ಲಿ ಐದು ದಿನ ‘ಮಲಗಿದ್ದು ರಾತ್ರಿ 1 ಗಂಟೆಗೆ’.

ಸಂಜೆ ಬಸ್ಸಿಗೆ ಕಾಯುವಾಗ ಜಗಲಿಯಲ್ಲಿ ತುಳುವಿನಲ್ಲೇ ಮಾತು ತೆಗೆದೆ. ನೀನು ಹೇಳಿದ್ದು ನನ್ನಲ್ಲೇ ಇರುತ್ತದೆ, ಜೀವಕ್ಕೆ ಅಪಾಯವೆನಿಸಿದರೆ ಮಾತ್ರ ಇನ್ನೊಬ್ಬರಿಗೆ ಹೇಳಲೇಬೇಕಾಗುತ್ತದೆ ಎಂದು ಮೊದಲೇ ತಿಳಿಸಿದೆ. ಸಾಯುವ ಯೋಚನೆ ಬರುತ್ತದೆಯೇ ಎಂದೂ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತಾಗುತ್ತದೆ ಎಂಬುದು ಸುಳ್ಳು. ಅವನು ಇಲ್ಲವೆಂದ. ಬಳಿಕ ಮೆಲ್ಲಗೆ ವಿಷಯ ಹೊರಬಂತು. ತಂದೆಗೆ ಬೆನ್ನುನೋವು, ಮನೆಯಲ್ಲಿ ಸಾಲ. ಇವನು ರಾತ್ರಿ ನೆರೆಮನೆಯ ಅಂಗಳದಲ್ಲಿ ದೊಡ್ಡವರೊಂದಿಗೆ ಚಾಲಿ, ಅಂದರೆ ಒಣಗಿಸಿದ ಅಡಿಕೆ ಸುಲಿಯಲು ಕೂರುತ್ತಿದ್ದ. ನಿದ್ದೆ ಬಾರದಿರಲೆಂದು ಅವರೇ ಕೊಟ್ಟ ಹೊಗೆಸೊಪ್ಪು. ನಿಕೋಟಿನ್ ಎಚ್ಚರ ತರಿಸುವುದೂ ನಿಜವೇ. ನಾನು ಹುಡುಕುತ್ತಿದ್ದದ್ದು ಪೋಲಿ ಸಹವಾಸವನ್ನು!

ಮಕ್ಕಳಿಗೆ ತಂಬಾಕು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಇದೆ. ನೆರೆಮನೆಯವರಿಗೆ ಅದನ್ನು ತಿಳಿಸಿದೆ. ಮುಖ ಸಿಂಡರಿಸಿದರು, ಆದರೆ ರಾತ್ರಿ ಹುಡುಗನನ್ನು ಕರೆಯುವುದನ್ನು ನಿಲ್ಲಿಸಿದರು. ಹುಡುಗನ ಮನೆಗೆ ಹೋಗಿ ಅವನ ತಂದೆಯ ಕ್ಷಮೆ ಕೇಳಿದೆ. “ಮಾಷ್ಟ್ರೇ, ಅವನು ಈಗ ಮಾತೆತ್ತಿದರೆ ರೇಗುತ್ತಾನೆ” ಎಂದರು. ಹೊಗೆಸೊಪ್ಪು ಬಿಟ್ಟ ಮೊದಲ ಎರಡು ಮೂರು ದಿನ ಸಿಡುಕು ಹೆಚ್ಚು, ಕೆಲವು ವಾರಗಳಲ್ಲಿ ಇಳಿಯುತ್ತದೆ, ಬೈಯಬೇಡಿ ಎಂದೆ. ಚಪಲ ಬಂದಾಗ ನೀರು ಕುಡಿದು ಹತ್ತು ನಿಮಿಷ ತಳ್ಳು ಎಂದು ಹುಡುಗನಿಗೆ ಕಲಿಸಿದೆ. ಯಾರಲ್ಲೂ ಹೇಳಲಾಗದ ರಾತ್ರಿಗೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವನ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಟ್ಟೆ.

ಪೂರ್ತಿ ಬಿಟ್ಟನೆಂದು ಹೇಳಲಾರೆ. ಮೊನ್ನೆ ಜಗಲಿಗೆ ತಾನಾಗಿಯೇ ಬಂದ. ಶನಿವಾರ ಯಕ್ಷಗಾನಕ್ಕೆ ಹೋದಾಗ ಮತ್ತೆ ಒಂದು ಚೂರು ಬಾಯಿಗೆ ಹಾಕಿದ್ದನಂತೆ.